ಕೊಟ್ಟವರ ಹೆಸರು

ಚೌಕಿಪೇಟೆಯ ನನ್ನ ಅಂಗಡಿಯಲ್ಲಿ
ಅಕ್ಷರಕ್ಕೆ ಮೂರು ರೂಪಾಯಿ. ಒತ್ತಿಗೆ ಬೇರೆ ಕಾಸಿಲ್ಲ.
ಕಬಡ್ಡಿ ಕಪ್ಪು, ನಿವೃತ್ತ ಮೇಷ್ಟರ ಫಲಕ,
ಅಧ್ಯಕ್ಷರಿಗೆ ಅಧ್ಯಕ್ಷರೇ ಕೊಟ್ಟುಕೊಳ್ಳುವ ಬೆಳ್ಳಿಬಣ್ಣದ ತಟ್ಟೆ,
ಎಲ್ಲದರಲ್ಲೂ ಪಡೆದವನ ಹೆಸರು ಕಿರಿದು,
ಕೊಟ್ಟವರದು ಹಿರಿದು.
ಮೂವತ್ತೊಂದು ವರ್ಷದಿಂದ ಇದೇ ವ್ಯಾಕರಣ.

ಮೊನ್ನೆ ಮಂಗಳವಾರ
ಹಿತ್ತಾಳೆ ಪುಡಿ ಚೆಲ್ಲದಿರಲೆಂದು ಮೇಜಿಗೆ ಪೇಪರು ಹಾಸುತ್ತಿದ್ದೆ.
ಒಳಪುಟದಲ್ಲಿ ಒಬ್ಬ ಇಂಗ್ಲೆಂಡಿನ ಸಿನಿಮಾ ನಟ. ಎಂಬತ್ತೆರಡು.
ಆರು ಸಲ ಪಟ್ಟಿಯಲ್ಲಿ ಹೆಸರಿತ್ತಂತೆ,
ಆರು ಸಲವೂ ಕೂತಲ್ಲೇ ಕೂತು
ಪಕ್ಕದವನಿಗೆ ಚಪ್ಪಾಳೆ ತಟ್ಟಿದನಂತೆ.
ಈಗ ಇಡೀ ಬದುಕಿಗೆ ಸೇರಿಸಿ ಒಂದು ಕೊಟ್ಟಿದ್ದಾರೆ,
ಸಗಟು ಅಂಗಡಿಯ ಹಾಗೆ.
ಹರೆಯದಲ್ಲಿ ಮುಖಕ್ಕೆ ಕಂದು ಬಳಿದುಕೊಂಡು
ಹಿಂದೂಸ್ತಾನದ ರಾಜನಾಗಿದ್ದನಂತೆ,
ಅದಕ್ಕೀಗ ನಾಚಿಕೆಯಾಗುತ್ತದೆ ಅಂದಿದ್ದಾನೆ.

ಅಷ್ಟರಲ್ಲಿ ಬಕ್ಕೇಶಪ್ಪ ಬಂದ.
ಹಗಲು ಹತ್ತಿ ಗಿರಣಿ, ರಾತ್ರಿ ಕಂಪನಿ ನಾಟಕ.
ಗಿರಣಿ ಮುಚ್ಚಿತು. ಆಮೇಲೆ ರಾತ್ರಿಯಷ್ಟೇ ಉಳಿಯಿತು.
ನಲವತ್ತು ವರ್ಷ ಒಂದೇ ಪಾತ್ರ, ಬಿಳಿ ಕಲೆಕ್ಟರು.
ಕ್ಯಾಂಪು ಬದಲಾಯಿತು, ನಾಟಕ ಬದಲಾಯಿತು,
ಅವನು ಗಲ್ಲಿಗೇರಿಸಬೇಕಾದ ವೀರನೂ ಬದಲಾದ,
ಟೋಪಿ ಮಾತ್ರ ಅದೇ.
ಮುಖಕ್ಕೆ ಸಫೇತು, ಮೀಸೆಗೆ ಸೆಣಬಿನ ನಾರು,
ನಾಲಿಗೆಗೆ ಮೂರೇ ಇಂಗ್ಲಿಷು: ಯಸ್, ನೋ, ಗೆಟೌಟ್.
ಕಿವಿಯ ಹಿಂದೆ ಬಳಿಯುವುದನ್ನು ದಿನಾ ಮರೆಯುತ್ತಿದ್ದ.
ದೊರೆ ತಿರುಗಿ ನಿಂತರೆ
ಹಿಂದಿನಿಂದ ನಮ್ಮ ಬಸಾಪುರದವನು ಕಾಣುತ್ತಿದ್ದ.

ಕೈಚೀಲದಿಂದ ತೆಗೆದು ಮೇಜಿನ ಮೇಲಿಟ್ಟ:
ಒಂದು ಚಪ್ಪಲಿ. ಒಂದೇ.
ಹೆಂಗಸರದು, ಎಡಗಾಲಿನದು,
ಉಂಗುಟ ಕಿತ್ತು ತಂತಿ ಸುತ್ತಿದ್ದು.

"ಜಗಳೂರು ಕ್ಯಾಂಪು. ಬಸುರಿಗೆ ಚಾಟಿ ಬೀಸೋ ಸೀನು.
ಮೂರನೇ ಸಾಲಿಂದ ಬಂತು ನೋಡಪ ಸೊಂಯ್ ಅಂತ,
ಸೀದಾ ಹಣೀಗೆ.
ಮಾತೇ ಮರ್ತೋತು. ಯಸ್ ಅಂದೆ.

ಮೂರು ಶಾಲು ಬಂದಾವು ನಂಗೆ.
ಒಂದನ್ನ ಸೊಸಿ ಮಿಕ್ಸಿಗೆ ಹೊದಿಸ್ಯಾಳೆ.
ತಾಲೂಕಿನೋರು ಕೊಟ್ಟ ಪತ್ರದಾಗೆ ಬಸಪ್ಪ ಅಂತ ಐತಿ.
ಇದ್ರಾಗೆ ಮಾತ್ರ ತಪ್ಪಿಲ್ಲ.
ಕಟ್ಟಿಗಿ ಸ್ಟ್ಯಾಂಡಿಗೆ ಬಡಿದು ಕೊಡು."

ನಾನು ಬೆರಳು ಮಡಚಿದೆ. ಬ, ಕ್ಕೇ, ಶ, ಪ್ಪ.
ಹನ್ನೆರಡು ರೂಪಾಯಿ.
ಅವನು ತಲೆ ಅಲ್ಲಾಡಿಸಿದ.
"ನಂದು ಬ್ಯಾಡ. ಕೊಟ್ಟೋರ ಹೆಸರು ದೊಡ್ಡದಾಗಿ
ಹಾಕ್ತೀಯಲ್ಲ, ಹಂಗೆ ಹಾಕು."
ಹೆಸರೇನು?
"ಯಾರಿಗ್ಗೊತ್ತು."
ಸ್ವಲ್ಪ ಹೊತ್ತು ಸುಮ್ಮನಿದ್ದ.
"ಒಂದು ಕಾಲು ಬರಿದು ಮನಿಗೆ ಹೋಗಿರ್ತಾಳೆ, ಆ ಕತ್ಲಾಗೆ.
ಮುಳ್ಳಿನೂರು ಅದು."

ಜಾಲಿಯ ತುಂಡಿಗೆ ಎರಡು ಮೊಳೆ. ಮೂರನೆಯದು ಬಾಗಿತು.
ನಾನು ಈ ಕೈಯಿಂದ ಎಷ್ಟು ಜನರ ಹೆಸರು ಕೆತ್ತಿಲ್ಲ,
ಎರಡು ದಿನಕ್ಕೆ ಮರೆತವರದು,
ಕಪ್ಪು ಒಯ್ಯಲು ಬಾರದವರದು,
ಫಲಕ ಬರುವಷ್ಟರಲ್ಲಿ ಸತ್ತವರದು.
ಉಳಿ ಎಂದೂ ಕೇಳಿರಲಿಲ್ಲ, ಯಾರು ಇವರು ಅಂತ.
ಈ ಸಲ ಒಂದು ಗಳಿಗೆ ಹಿತ್ತಾಳೆಯ ಮೇಲೆ ನಿಂತಿತು.
ಆಮೇಲೆ ಕೆತ್ತಿದೆ:

ಜಗಳೂರು
ಮೂರನೇ ಸಾಲು

ಒಂಬತ್ತು ಅಕ್ಷರ. ಇಪ್ಪತ್ತೇಳು.
ಮೂವತ್ತು ಕೊಟ್ಟು, ಚಿಲ್ಲರೆಗೆ ಕಾದು ನಿಂತ.
ಕಾಯುವಾಗ ಪೇಪರಿನ ಮುಖ ಕಂಡಿತು.
ಹಿತ್ತಾಳೆ ಪುಡಿ ಊದಿ, ಕನ್ನಡಕ ಹಣೆಯಿಂದ ಇಳಿಸಿ,
ನಾನು ಓದಿ ಹೇಳಿದ್ದನ್ನೆಲ್ಲ ಕೇಳಿದ,
ಆರು ಸಲದ್ದು, ಸಗಟಿನದು, ಕಂದು ಬಣ್ಣದ್ದು.

"ಇವ್ನು ಕಿವಿ ಹಿಂದೆ ಬಳ್ಕಂಡಿದ್ನೇನು?" ಅಂದ.

ನಗಲಿಲ್ಲ. ಕಸುಬಿನವನು ಕಸುಬಿನವನನ್ನು ಕೇಳುವ ಹಾಗೆ ಕೇಳಿದ್ದ.
ಏನು ಹೇಳಲಿ.
ಹಾಳೆ ಎತ್ತಿ, ತಿರುಗಿಸಿ ನೋಡಿದೆ.
ಹಿಂದುಗಡೆ ಇದ್ದದ್ದು
ಮೆಕ್ಕೆಜೋಳದ ಧಾರಣೆ.