ಬೆನ್ನಿಗಿದ್ದ ರಸ್ತೆ

ನನ್ನ ಕಾಲಡಿ ಇರುವುದು ಬ್ರೇಕೊಂದೇ.
ಹದಿನೇಳು ವರ್ಷದಿಂದ ಇದೇ ಎಡಗಡೆಯ ಸೀಟು,
ಸ್ಟೀರಿಂಗಿಲ್ಲ, ಆಕ್ಸಿಲರೇಟರಿಲ್ಲ.
ಓಡಿಸುವವರು ಅವರು.
ನಿಲ್ಲಿಸುವುದಕ್ಕಷ್ಟೇ ನನಗೆ ಸಂಬಳ.

ಇವತ್ತು ಬಲಗಡೆ ಕೂತವರು ಮಿನೆಕೊ-ಸಾನ್.
ಅರವತ್ತಮೂರು. ಕಡ್ಡಿಯಷ್ಟು ನೆಟ್ಟಗಿನ ಬೆನ್ನು.
ಬಿಳಿ ಗವಸು ತೊಟ್ಟು ಬಂದಿದ್ದಾರೆ,
ಬೇಡ ಎನ್ನಲು ಬಾಯಿ ಬರಲಿಲ್ಲ.
ಈ ವಯಸ್ಸಿಗೆ ಯಾಕೆ ಕಲಿಯುವುದು ಎಂದು ಮೊದಲ ದಿನ ಕೇಳಿದ್ದೆ.
ಕಂಪನಿ ಮುಚ್ಚಿತು, ಎಂದಿದ್ದರು,
ಅದೇ ಉತ್ತರ ಎಂಬ ಹಾಗೆ.

ಇಬಾರಾಕಿಯ ಗೇಟಿನಲ್ಲಿ ಅಡ್ಡಪಟ್ಟಿ ಮೇಲೆದ್ದಿತು.
ದಾರಿ ಎರಡಾಗುವ ಕಡೆ 'ಎಡಕ್ಕೆ' ಎಂದೆ.
ಚಕ್ರ ಬಲಕ್ಕೆ ತಿರುಗಿತು.
ನೆಲ ಮುಟ್ಟುವಷ್ಟು ಒತ್ತಿದೆ ಬ್ರೇಕು.
ಹಿಂದಿನ ಲಾರಿ ಹಾರ್ನು ಮಾಡಲಿಲ್ಲ,
ಸುಮ್ಮನೆ ಕಾಯಿತು,
ಬೈದಿದ್ದರೇ ವಾಸಿಯಿತ್ತು.

'ಕ್ಷಮಿಸಿ' ಎಂದರು. 'ಮೂವತ್ತೆಂಟು ವರ್ಷ
ಪ್ರವಾಸದ ಬಸ್ಸಿನಲ್ಲಿ ಗೈಡಾಗಿದ್ದೆ.
ಡ್ರೈವರಿನ ಪಕ್ಕ ಕಂಬಿ ಹಿಡಿದು, ರಸ್ತೆಗೆ ಬೆನ್ನು ಮಾಡಿ,
ಜನರ ಮುಖ ನೋಡುತ್ತ ನಿಂತವಳು.
ಅವರ ಬಲ ನನ್ನ ಎಡ.
ನಿಮ್ಮ ಬಲಕ್ಕೆ ನೋಡಿ ಅನ್ನುತ್ತ
ಎಡಗೈ ಚಾಚುತ್ತಿದ್ದೆ.
ನನ್ನ ಸ್ವಂತ ಬಲ ಯಾವುದೆಂದು
ಊಟದ ಕಡ್ಡಿ ಹಿಡಿದಾಗಷ್ಟೇ ನೆನಪು.'

ಸೇರುವ ಪಟ್ಟೆ ತೀರಾ ಚಿಕ್ಕದು,
ಅಷ್ಟರಲ್ಲಿ ನಲವತ್ತು ಎಂಬತ್ತಾಗಬೇಕು.
ಬಹಳ ಜನ ಎಡವುವುದು ಇಲ್ಲೇ,
ಜಾಗ ಕೇಳುತ್ತ ಕೇಳುತ್ತ ನಿಧಾನವಾಗುತ್ತಾರೆ.
'ಒತ್ತಿ' ಎಂದೆ. 'ಇನ್ನೂ. ಇನ್ನೂ ಒತ್ತಿ.'
ನನ್ನ ಕಾಲೋ, ಬ್ರೇಕಿನ ಮೇಲೆ
ಕಾವಿಗೆ ಕೂತ ಕೋಳಿ.
ಕನ್ನಡಿಯಲ್ಲಿ ಹಾಲಿನ ಟ್ಯಾಂಕರು,
ಅದರ ಬಾಲಕ್ಕೊಂದಿಷ್ಟು ಖಾಲಿ.
ಆ ಖಾಲಿಗೆ ತಾವೇ ಲೆಕ್ಕ ಹಾಕಿ ಜಾರಿಕೊಂಡರು,
ತುಟಿಯಲ್ಲಿ ಒರಾಯ್, ಒರಾಯ್, ಒರಾಯ್,
ಬಸ್ಸು ಹಿಂದೆ ಸರಿಯುವಾಗ ಕೂಗುವ ಮಾತು
ಮುಂದೆ ಹೋಗುತ್ತ.

ತೊಂಬತ್ತು.
ಒಸಾಕಾ ಕಳಚಿಕೊಳ್ಳುತ್ತಿದೆ:
ಹಾಸಿಗೆ ಒಣಹಾಕಿದ ಮಹಡಿಗಳು,
ಗಾಲ್ಫ್ ಕಲಿಯುವವರ ಹಸಿರು ಬಲೆ,
ಸದ್ದು ತಡೆಯುವ ಗೋಡೆ, ಗೋಡೆ, ಗೋಡೆ,
ನಡುವೆ ಒಂದು ಸಂದಿ,
ಸಂದಿಯಲ್ಲಿ ಯಾರದೋ ಈರುಳ್ಳಿ ಮಡಿ,
ಮತ್ತೆ ಗೋಡೆ.

ತಕಾತ್ಸುಕಿ ದಾಟಿದ ಮೇಲೆ ಅವರ ಶ್ರುತಿ ಏರಿತು.
'ಮುಂದೆ ಕಾಣುವುದೇ ತೆನ್ನೋಝಾನ್ ಗುಡ್ಡ.
ಇದನ್ನು ಮೊದಲು ಹತ್ತಿದವರು
ಯುದ್ಧ ಗೆದ್ದರೆಂದು ಹೇಳುತ್ತಾರೆ, ಮಾನ್ಯರೇ...'
ಅಲ್ಲಿಗೇ ನಿಂತಿತು ಮಾತು.
'ಹೀಗಿದೆಯೇ ಇದು' ಎಂದರು.

ದಿನಕ್ಕೆರಡು ಸಲ ಹೆಸರಿಟ್ಟು ಕರೆದ ಗುಡ್ಡ
ಅವರ ಬೆನ್ನ ಹಿಂದೆಯೇ ಎದ್ದು ನಿಲ್ಲುತ್ತಿತ್ತು.
ಅವರಿಗೆ ಸಿಕ್ಕಿದ್ದು ಆಮೇಲಿನದು,
ಸಾಲು ತಲೆಗಳಾಚೆ, ಹಿಂದಿನ ಗಾಜಿನಲ್ಲಿ,
ಆಗಲೇ ಚಿಕ್ಕದಾಗಿ.
'ಮತ್ತೆ, ಯಾವಾಗ ಹೇಳಬೇಕೆಂದು ಗೊತ್ತಾಗುತ್ತಿದ್ದದ್ದು?'
'ಮುಖಗಳಲ್ಲಿ. ಬೆಳಕು ಬದಲಾಗುತ್ತಿತ್ತು.
ಸುರಂಗ ಬರುವ ಮುಂಚೆ
ಮಕ್ಕಳ ಬಾಯಿ ತೆರೆಯುತ್ತಿತ್ತು.'

ಸುರಂಗ ಬಂತು.
ನಾನು ಪಕ್ಕಕ್ಕೆ ತಿರುಗಿ ನೋಡಿದೆ,
ಅವರ ಬಾಯಿ ತೆರೆದಿತ್ತು.
ಒಳಗೆ ಇಬ್ಬರೂ ಮಾತಾಡಲಿಲ್ಲ.

ಆಚೆ ಬೆಳಕಿಗೆ ಬಿದ್ದಾಗ
'ನಿಮ್ಮ ಬಲಕ್ಕೆ' ಎಂದರು, ಸ್ವಲ್ಪ ತಡೆದು,
'ನನ್ನ ಬಲಕ್ಕೂ. ಮೂರು ಹೊಳೆ ಕೂಡುವ ಜಾಗ.'
ಸ್ಟೀರಿಂಗಿನಿಂದ ಗವಸಿನ ಒಂದೇ ಬೆರಳು ಎದ್ದಿತು,
ಬಲಗೈಯದೇ.
ನೋಡಿದೆ. ದಂಡೆಯಾಚೆ ಒಂದಿಷ್ಟು ಹೊಳಪು,
ಅಷ್ಟೇ.
ಹದಿನೇಳು ವರ್ಷ ಇಲ್ಲಿ ಹಾದುಹೋಗುವಾಗೆಲ್ಲ
ನಾನು ನೋಡಿದ್ದು ಪರರ ಪಾದ.

ಕ್ಯೋತೊ-ಮಿನಾಮಿಯಲ್ಲಿ ಇಳಿದು ತಿರುಗಬೇಕು.
ಈ ಸಲ ಎಡ ಎನ್ನಲಿಲ್ಲ, ಕೈ ಚಾಚಿ ತೋರಿಸಿದೆ.
ಇಂಡಿಕೇಟರು ಟಿಕ್ ಟಿಕ್ ಎನ್ನುತ್ತಿರಲು
'ವಾಪಸು ಬರುವಾಗ ಹೊಳೆ ಎಡಕ್ಕೆ ಬರುತ್ತದೆ, ಅಲ್ಲವೇ'
ಎಂದು ಕೇಳಿದರು,
ನನ್ನನ್ನಲ್ಲ.