ಎರಡು ಮೋರಿ

ಮದುವೆಯಾಗಿ ಭಾಂಡೂಪಿಗೆ ಬಂದ ಮೊದಲ ಬೆಳಗು
ಅತ್ತೆ ಅಂದರು: ಮೋರಿಯಲ್ಲಿ ಬಿಸಿನೀರಿಟ್ಟಿದ್ದೇನೆ, ಮಿಂದು ಬಾ.
ಟವೆಲು ಹಿಡಿದು ನಿಂತೇ ಇದ್ದೆ.
ನಮ್ಮ ಇಂಡಿಯಲ್ಲಿ ಮೋರಿ ಎಂದರೆ ಬೀದಿಯದು,
ಹಂದಿ ಹೊರಳುವುದು, ಚೆಂಡು ಬಿದ್ದರೆ ಹುಡುಗರು ಅಳುವುದು.
ಇಲ್ಲಿ ಮೋರಿ ಎಂದರೆ ಕೋಣೆಯೊಳಗೇ ಒಂದು ಮೂಲೆ,
ಮೊಣಕಾಲೆತ್ತರದ ಕಟ್ಟೆ, ಒಂದು ನಲ್ಲಿ, ಒಂದು ತೂತು.
ಮೀಯುವುದು ಅಲ್ಲೇ, ಪಾತ್ರೆ ಅಲ್ಲೇ, ಬಟ್ಟೆ ಅಲ್ಲೇ.

ಇಪ್ಪತ್ತಾರು ವರ್ಷದ ಮೇಲೆ
ಭಿಶಿಯ ದುಡ್ಡು ನನ್ನ ಪಾಳಿಗೆ ಬಂತು, ಯಂತ್ರ ಬಂತು.
ಮೂರನೇ ಮಾಳಿಗೆಗೆ ನಾಲ್ವರು ಹೊತ್ತು ತಂದರು,
ತಿರುವಿನಲ್ಲಿ ಗೋಡೆಯ ಸುಣ್ಣ ಕೆರೆದು.
ಕಂಪನಿಯವನು ನಾಳಿದ್ದು ಬರುತ್ತಾನೆಂದರೂ ಕೇಳದೆ
ನಮ್ಮವರು ತಾವೇ ಪೈಪು ಸಿಕ್ಕಿಸಿದರು,
ಬಾಯನ್ನು ಮೋರಿಯ ನೆಲಕ್ಕೆ ಚಾಚಿ:
ನೀರಿಗೆ ದಾರಿ ಹೇಳಿಕೊಡಬೇಕೇ? ತಗ್ಗು ಕಂಡರೆ ತಾನೇ ಹೋಗುತ್ತೆ.

ಹೋಯಿತು.
ತುಂಬುತ್ತ ಹೋಯಿತು, ಹೋಗುತ್ತ ತುಂಬಿತು.
ಡ್ರಮ್ಮು ಮಾತ್ರ ತಿರುಗಲೇ ಇಲ್ಲ.
ನಲ್ಲಿ ಬರುವುದೇ ನಲವತ್ತು ನಿಮಿಷ;
ಅಷ್ಟೂ ನೀರು ಒಳಗೆ ಬಂದು, ಹಾಗೇ ಹೊರಗೆ ಹೋಗಿ,
ಒಂದು ಕಾಲರಿನ ಕೊಳೆಯನ್ನೂ ಮಾತಾಡಿಸಲಿಲ್ಲ.
ಅತ್ತೆ ಇದ್ದಿದ್ದರೆ ಅನ್ನುತ್ತಿದ್ದರು:
ಕೆಲವರ ಸಂಬಳವೂ ಹೀಗೇ.

ದತ್ತು ಪಾಲವ ಬಂದ, ಮಾಲವಣದವನು.
ಕೂರಲಿಲ್ಲ, ನೋಡಿದ, ನಕ್ಕ.
ನೆಲದಿಂದ ಸೊಂಟದೆತ್ತರಕ್ಕೆ ಟೇಪು ಹಿಡಿದು ಅಳೆದ,
ಗೋಡೆಗೆ ಮೊಳೆ ಹೊಡೆದ,
ಪೈಪನ್ನು ಕೊಡೆಯ ಹಿಡಿಯಂತೆ ಬಗ್ಗಿಸಿ ತೂಗುಹಾಕಿದ.
ವಹಿನಿ, ಬಿಡುವ ನೀರು ಮೊದಲು ಏರಬೇಕು.
ಏರದೆ ಹೋದರೆ ಅದು ಬಿಟ್ಟದ್ದಲ್ಲ, ಸೋರಿದ್ದು.
ಚಹಾ ಮುಗಿಸಿ, ಚಪ್ಪಲಿ ಮೆಟ್ಟುತ್ತ ಇನ್ನೊಂದು ಹೇಳಿದ:
ಪೈಪು ಇಳಿಯುವ ಕಡೆ ಬಿಗಿಯಬೇಡಿ,
ಸುತ್ತ ಬೆರಳಷ್ಟು ಗಾಳಿ ಇರಲಿ.

ಮೊದಲನೆಯದು ಕೇಳಿದೆವು. ಎರಡನೆಯದನ್ನು
ಜಿರಳೆ ಬರುತ್ತವೆಂದು ನಾನೇ ಮೀರಿದೆ:
ಹಳೆಯ ಬನಿಯನ್ನು ಪೈಪಿನ ಸುತ್ತ ಗಿಡಿದೆ.

ಶುಕ್ರವಾರ, ಕೊನೆಯ ನೀರು ಬಿಡುವ ಹೊತ್ತು,
ಗೋಡೆಯೊಳಗೆ ಯಾರೋ ಬಾಯಿ ಮುಕ್ಕಳಿಸಿದ ಸದ್ದು.
ಐದು ನಿಮಿಷಕ್ಕೆ ಬಾಗಿಲಲ್ಲಿ
ಕೆಳಗಿನ ಕೋಣೆಯ ಕುಸುಮತಾಯಿ ಘಾಡಿ,
ಮೊಣಕೈವರೆಗೆ ನೊರೆ,
ಕೈಯಲ್ಲಿ ಅರ್ಧ ಹೆರೆದ ಬಂಗಡೆ.

ಗಣಪತಿಯ ವಂತಿಗೆಗೆ ಮಾತು ಬೆಳೆದು
ಹತ್ತು ತಿಂಗಳಿಂದ ನಮಗೆ ಮಾತಿಲ್ಲ.
ಮೆಟ್ಟಿಲಲ್ಲಿ ಎದುರಾದರೆ
ಇಬ್ಬರೂ ಮೀಟರಿನ ಅಂಕಿ ಓದುತ್ತಿದ್ದೆವು.
ಈಗ ಅಂದಳು: ನಿನ್ನ ಗಂಡನ ಅಂಗಿಯ ನೀಲಿ
ನನ್ನ ಮೋರಿಯಲ್ಲಿ ಎದ್ದು ನಿಂತಿದೆ, ಬಂದು ನೋಡು.

ಹೋದೆ. ಅದೇ ಕಟ್ಟೆ, ಅದೇ ಮೂಲೆ, ನಮ್ಮದರ ತದ್ರೂಪು.
ತೂತಿನಿಂದ ನಮ್ಮ ನೊರೆ ಉಕ್ಕಿ ಉಕ್ಕಿ
ಅವಳ ಮೀನಿನ ಬುಟ್ಟಿಯನ್ನು ಅಪ್ಪಿಕೊಂಡಿತ್ತು.
ಡಬ್ಬಿಯ ಮೇಲೆ ಮಲ್ಲಿಗೆ ಎಂದು ಬರೆದ ವಾಸನೆ
ಬಂಗಡೆಗೆ ಹತ್ತಿತ್ತು.
ನಾವು ವಿಭೂತಿಯವರು; ಇಷ್ಟು ವರ್ಷ
ಆ ಬಾಗಿಲ ಮುಂದೆ ಉಸಿರು ಹಿಡಿದೇ ಇಳಿದವಳು ನಾನು.
ಸೆರಗು ಸಿಕ್ಕಿಸಿ ಬಗ್ಗಿದೆ, ತಂಬಿಗೆಯಲ್ಲಿ ಬಳಿದೆ.
ಯಾರು ಮೊದಲು ನಕ್ಕರೋ ನೆನಪಿಲ್ಲ,
ಬಂಗಡೆಯೇ ಇರಬೇಕು.

ಮೇಲೆ ಬಂದು ಬನಿಯನ್ನು ಎಳೆದೆ.
ಗುಳಕ್ ಎಂದು ಕೊಳವೆ ಒಂದು ಉಸಿರು ಎಳೆದುಕೊಂಡಿತು,
ನೀರೊಳಗಿಂದ ತಲೆಯೆತ್ತಿದವರ ಹಾಗೆ.
ಆಮೇಲೆ ಎಲ್ಲ ಸುಮ್ಮನೆ ಇಳಿದುಹೋಯಿತು.

ಜಿರಳೆಗೆ ಈಗ ಜಾಲರಿ ಇದೆ, ಹದಿನೈದು ರೂಪಾಯಿಯದು.
ವಾರಕ್ಕೆ ಮೂರು ದಿನ ಬಟ್ಟೆ.
ಕೊನೆಯ ನೀರು ಬಿಡುವ ಮೊದಲು
ಕುಟ್ಟಾಣಿಯಿಂದ ನೆಲಕ್ಕೆ ಎರಡು ಸಲ ಬಡಿಯುತ್ತೇನೆ.
ನೀರು ಸೊಂಟದೆತ್ತರ ಏರಿ, ಬಾಗಿ, ಇಳಿಯುತ್ತದೆ.
ತುಸು ಹೊತ್ತಿಗೆ ಕೆಳಗಿನಿಂದ
ಲಟ್ಟಣಿಗೆಯ ತುದಿ ಸೂರಿಗೆ ತಾಗಿದ ಸದ್ದು, ಒಂದು:
ಬಂತು, ಹೋಯಿತು.

ವಂತಿಗೆಯ ಮಾತನ್ನು ಇನ್ನೂ ಇಬ್ಬರೂ ಎತ್ತಿಲ್ಲ.
ಅದಕ್ಕೆಷ್ಟು ಎತ್ತರ ಬೇಕೋ,
ದತ್ತುವನ್ನು ಕೇಳಲು ಮರೆತೆ.