ಲ್ಯಾಬ್ ಎರಡು, ಅರಸೀಕೆರೆ

ಹನ್ನೊಂದೂ ಕಾಲಿಗೆ ಜೇನುಕಲ್ಲೇಶ ಕೈಯೆತ್ತಿದ.
‘ಮೇಡಂ, ಡಿಸ್ಕೇ ಇಲ್ಲ ಅಂತೈತೆ.’

ಹೋಗಿ ನೋಡಿದೆ. ನೀಲಿ ಪರದೆ,
ಬಿಳಿ ಚೌಕದೊಳಗೆ ಖಾಲಿ ಪಟ್ಟಿ,
ಕೆಳಗೊಂದು ಸಾಲು, ತಾಲೂಕು ಕಚೇರಿಯ ದನಿಯಲ್ಲಿ:
ಯಾವ ಡ್ರೈವೂ ಕಂಡುಬಂದಿಲ್ಲ.

ಇದೆಯಲ್ಲ, ಅಂದೆ.
ನಿನ್ನೆ ತಾನೇ ನನ್ನ ಕೈಯಾರೆ ಮಾಡಿಟ್ಟದ್ದು,
ನಲವತ್ತು ಜಿಬಿ. ಅದು ಹೆಸರಿಗೆ.
ನಿಜದಲ್ಲಿ ಡಿ ಡ್ರೈವಿನ ಮೂಲೆಯಲ್ಲಿ
ಒಂದು ಮದುವೆ ಫೋಟೋದಷ್ಟೂ ತೂಗದ ಫೈಲು,
ತುಂಬಿದ ಹಾಗೆ ಹಿಗ್ಗುವ ಸಂತೆಚೀಲ.

ಹೊರಗಿನಿಂದ ನೋಡಿದರೆ ಇದೆ.
ಒಳಗಿನಿಂದ ನೋಡಿದರೆ ಇಲ್ಲ.
ಮಠದಲ್ಲಿ ಹೇಳಿದ್ದರೆ ಈ ಮಾತಿಗೆ ತಲೆದೂಗುತ್ತಿದ್ದರು;
ಪ್ರಾಕ್ಟಿಕಲ್ ಪರೀಕ್ಷೆಗೆ ಎಂಟು ದಿನ ಇರುವಾಗ
ಯಾರೂ ತಲೆದೂಗುವುದಿಲ್ಲ.

‘ಕೇಬಲ್ ಲೂಸಿರಬೇಕು’ ಎಂದಳು ತಸ್ಲೀಮಾ,
ಹೇಳಿದ ಮೇಲೆ ತಾನೇ ನಕ್ಕಳು.
ಮಷೀನೊಳಗಿನ ಮಷೀನಿಗೆ ಯಾವ ಕೇಬಲ್ಲು?
ಬಿಚ್ಚಲು ಸ್ಕ್ರೂ ಇಲ್ಲ, ಊದಲು ಧೂಳಿಲ್ಲ,
ಪಕ್ಕಕ್ಕೊಂದು ಗುದ್ದು ಕೊಡೋಣವೆಂದರೆ
ಪಕ್ಕವೇ ಇಲ್ಲ.

ತೆಗೆದು ಮತ್ತೆ ಸೇರಿಸಿದೆವು.
ಬೂಟ್ ಆಗುವ ಕ್ರಮ ತಿರುಗುಮುರುಗು ಮಾಡಿದೆವು.
ಎರಡಿದ್ದ ಮೆಮೊರಿ ನಾಲ್ಕಾಯಿತು, ಸಂಬಂಧವಿಲ್ಲದಿದ್ದರೂ,
ಜ್ವರಕ್ಕೆ ದೃಷ್ಟಿ ತೆಗೆದ ಹಾಗೆ.
ಮೈಸೂರು ಪ್ಯಾಸೆಂಜರು ಹೋಯಿತು.
ಕಿಟಕಿಯ ಸರಳು ಸ್ವಲ್ಪ ಹೊತ್ತು ನಡುಗಿ ಸುಮ್ಮನಾಯಿತು.

ಬಾಗಿಲ ಬಳಿಯ ಸ್ಟೂಲಿನಿಂದ ಅಟೆಂಡರ್ ಕೆಂಚಮ್ಮ:
‘ಏನವ್ವ ಅದು, ಕಳೆದೋಯ್ತಾ?’
‘ಇಲ್ಲ ಕೆಂಚಮ್ಮ, ಇದೆ. ಅದಕ್ಕೆ ಕಾಣ್ತಿಲ್ಲ.’
‘ನನ್ನ ಹೆಬ್ಬೆಟ್ಟಿನ ಹಂಗೆ ಅನ್ನು.’

ಈ ಕೆಲಸಕ್ಕೆ ಬರುವ ಮುಂಚೆ
ಇಪ್ಪತ್ತು ವರ್ಷ ತೆಂಗಿನಕಾಯಿ ಸುಲಿದ ಹೆಬ್ಬೆರಳು.
ಗೆರೆಯೆಲ್ಲ ಮಟ್ಟೆಯ ಪಾಲಾಗಿ
ರೇಷನ್ ಅಂಗಡಿಯ ಗಾಜಿಗೆ ಬರೀ ನುಣುಪು.
‘ಮೂರು ತಿಂಗಳು ಒತ್ತಿದ್ದೇ ಒತ್ತಿದ್ದು.
ಬೆರಳಿಲ್ಲ ಅಂತದಂತೆ. ಇಲ್ಲೇ ಐತಲ್ಲ, ನೋಡು.
ಕೊನೆಗೆ ಕಣ್ಣಿಗೆ ಹಿಡಿಯೋ ಮಿಷನ್ನು ತಂದ್ರು,
ಆವಾಗ ಅಕ್ಕಿ ಕೊಟ್ರು.’

ಆ ಮಾತಿಂದಲೇ ನನಗೆ ಹೊಳೆಯಿತು
ಎಂದು ಬರೆದರೆ ಚೆಂದ. ಆದರೆ ಸುಳ್ಳು.
ಎರಡು ವರ್ಷದ ಹಿಂದೆಯೂ ಹೀಗೇ ಆಗಿತ್ತು;
ಕಪಾಟಿನ ನೋಟ್‌ಬುಕ್ಕಿನಲ್ಲಿ ನನ್ನದೇ ಅಕ್ಷರ:
ಡ್ರೈವರ್ ಇರುವ ಐಎಸ್ಒ ಎರಡನೇ ಸಿಡಿಗೆ ಹಾಕು. ಮರೀಬೇಡ.
ಮರೆತಿದ್ದೆ.

ಹಾಕಿದೆವು. ಬ್ರೌಸು, ಫೋಲ್ಡರು,
ಫೋಲ್ಡರೊಳಗಿನ ಫೋಲ್ಡರು, ಓಕೆ.
ಡಿಸ್ಕು ಮೊದಲಿನಿಂದಲೂ ಅಲ್ಲೇ ಇತ್ತು.
ಅದು ಆಡುವ ಮಾತು ಇನ್‌ಸ್ಟಾಲರಿಗೆ ಬರುತ್ತಿರಲಿಲ್ಲ, ಅಷ್ಟೆ;
ಇಲ್ಲ ಎಂದದ್ದು ಸೊಕ್ಕಿಗಲ್ಲ,
ತಿಳಿಯದ್ದನ್ನು ಹೇಳಲು ಅದಕ್ಕೆ ಬೇರೆ ಪದವಿರಲಿಲ್ಲ.

ಖಾಲಿ ಪಟ್ಟಿಯಲ್ಲೊಂದು ಸಾಲು ಮೂಡಿತು:
ಡ್ರೈವ್ ಸೊನ್ನೆ. ಹಂಚಿಕೆಯಾಗದ ಜಾಗ, ನಲವತ್ತು.
ಸೈಟು ಸಿಕ್ಕವನ ಹಾಗೆ ನಕ್ಕ ಜೇನುಕಲ್ಲೇಶ,
ನೆಕ್ಸ್ಟ್ ಒತ್ತಿದ.
ಶೇಕಡಾ ಒಂದು. ಶೇಕಡಾ ಒಂದು. ಶೇಕಡಾ ಎರಡು.

ಕೆಂಚಮ್ಮ ಎದ್ದು ಬಂದು ಬಗ್ಗಿ ನೋಡಿದಳು.
‘ಈಗ ಕಾಣ್ತೈತಾ ಅದಕ್ಕೆ?’
‘ಕಾಣ್ತಿದೆ.’
‘ಸರಿ ಬಿಡು’ ಎಂದು ಕೈ ಸೆರಗಿಗೆ ಒರೆಸಿಕೊಂಡು
ಬೆಲ್ ಹೊಡೆಯಲು ಹೋದಳು.

ನಾನು ನೋಟ್‌ಬುಕ್ ತೆರೆದು
ಹಳೆಯ ‘ಮರೀಬೇಡ’ದ ಅಡಿಗೆ ಇನ್ನೊಂದು ಗೆರೆ ಎಳೆದೆ,
ಪಕ್ಕದಲ್ಲಿ ಇವತ್ತಿನ ತಾರೀಖು.